ಪಂಪ್ ಫ್ಯಾಕ್ಟರಿಗೆ ಬಂದ ಕಂಪ್ಯೂಟರ್

ಪೋಲು ತಡೆಯಲು ಹೊರಟವರಿಗೆ ಬೇರೆ ಯಾವುದಕ್ಕೆ ಬರ ಬಂದರೂ ನಗುವಿಗೆ ಬರುವುದಿಲ್ಲ. ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಪಂಪ್ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕಾಗದ, ಕರೆಂಟು, ನೀರು ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಅದರಲ್ಲಿ ತೋರಿಸುವುದು ನನ್ನ ಕೆಲಸ.

೧. ಕಾಗದ

ಇನ್ನು ಮೇಲೆ ರಿಪೋರ್ಟನ್ನೆಲ್ಲ ಸ್ಕ್ರೀನಿನಲ್ಲೇ ನೋಡಿ, ಪ್ರಿಂಟ್ ಬೇಡ ಎಂದು ಮ್ಯಾನೇಜರಿಗೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಸಂಜೆಯೊಳಗೆ ಪ್ರತಿಯೊಬ್ಬರ ಕೈಗೂ ‘ಕಾಗದ ಉಳಿಸಿ’ ಎಂಬ ಎರಡು ಪುಟದ ಸುತ್ತೋಲೆ ಬಂತು. ಸಹಿ ಹಾಕಿ ವಾಪಸು ಕೊಡಲು ಇನ್ನೊಂದು ಪ್ರತಿ.

೨. ಕರೆಂಟು

ದಿನಾ ಮೀಟರ್ ನೋಡಿ ಗ್ರಾಫ್ ಹಾಕುತ್ತಿದ್ದೆ. ಒಂದು ಗುರುವಾರ ಗೆರೆ ನೆಲಕ್ಕೇ ಇಳಿದಿತ್ತು. ಮಾಲೀಕರು ಹಿಗ್ಗಿ ಎಲ್ಲರಿಗೂ ಮೈಸೂರು ಪಾಕ್ ಹಂಚಿದರು. ಲೇತ್ ಆಪರೇಟರ್ ತನ್ನ ಪಾಲು ಪೂರ್ತಿ ತಿಂದು, ಕೈ ಒರೆಸಿಕೊಂಡ ಮೇಲೆ ಹೇಳಿದ: “ಸಾರ್, ಗುರುವಾರ ಕರೆಂಟೇ ಇರ್ಲಿಲ್ಲ. ಇಡೀ ದಿನ ಜನರೇಟರ್ ಓಡ್ಸಿದ್ವಿ.”

೩. ನೀರು

ಭಾನುವಾರ ರಜಾ. ಆದರೂ ಪ್ರತಿ ಭಾನುವಾರ ನೀರು ಖರ್ಚಾಗುತ್ತಿದೆ ಎಂದು ಕಂಪ್ಯೂಟರ್ ತೋರಿಸಿತು. ಅಂದು ಅಲ್ಲಿರುವವರು ಬಿಜಾಪುರದ ಕಡೆಯ ವಾಚ್‌ಮನ್ ಒಬ್ಬರೇ. ನೀರು ಹೊರಗೆ ಮಾರುತ್ತಿದ್ದಾರೆ, ಕೆಲಸದಿಂದ ತೆಗೆಯುತ್ತೇನೆ ಎಂದರು ಮಾಲೀಕರು. ನನ್ನ ಗ್ರಾಫಿನಿಂದ ಒಬ್ಬರ ಅನ್ನ ಹೋಗುತ್ತದಲ್ಲ ಎಂದು ನನಗೆ ಸಂಕಟ. ಒಂದು ವಾರ ತಡೆಯಿರಿ ಎಂದು ಕೇಳಿಕೊಂಡು, ಭಾನುವಾರ ನಾನೇ ಹೋದೆ.

ಕಾಂಪೌಂಡಿನ ಮೂಲೆಯಲ್ಲಿ ವಾಚ್‌ಮನ್ ಮೆಂತ್ಯ ಸೊಪ್ಪು ಬೆಳೆದಿದ್ದರು. ನಳನಳಿಸುತ್ತಿತ್ತು. ಎಷ್ಟು ನೀರು ಹಾಕುತ್ತೀರಿ ಎಂದೆ.

“ನಾ ಒಂದು ಹನೀನೂ ಹಾಕಂಗಿಲ್ರಿ. ಈ ಮಣ್ಣಿನ ಗುಣಾನ ಹಂಗೈತ್ರಿ.”

ಅಗೆಸಿ ನೋಡಿದೆವು. ಕೆಳಗೆ ಪೈಪ್ ಒಡೆದಿತ್ತು. ರಿಪೇರಿಯಾಯಿತು, ಪೋಲು ನಿಂತಿತು. ಮಾಲೀಕರು ವಾಚ್‌ಮನ್ ಮುಂದೆ ನಿಂತು, ತಪ್ಪು ತಿಳಿದುಕೊಂಡಿದ್ದೆ ಎಂದು ಒಪ್ಪಿಕೊಂಡರು.

ಎರಡು ವಾರಕ್ಕೆ ಸೊಪ್ಪು ಬಾಡಿತು. ವಾಚ್‌ಮನ್ ನನ್ನ ರೂಮಿಗೆ ಬಂದು, “ನಿಮ್ಮ ಕಂಪ್ಯೂಟರ್ ದೃಷ್ಟಿ ತಾಗೈತ್ರಿ” ಎಂದವರೇ ಮಾನಿಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಹೋದರು. ಅದೇ ವಾರ ಮಾಲೀಕರು, ಪಂಪ್ ಪರೀಕ್ಷೆ ಮಾಡಿ ಚರಂಡಿಗೆ ಬಿಡುತ್ತಿದ್ದ ನೀರನ್ನು ಆ ಮೂಲೆಗೆ ತಿರುಗಿಸಿದರು. ಮೆಂತ್ಯ ಮತ್ತೆ ಚಿಗುರಿತು. ಪಕ್ಕದಲ್ಲಿ ಬದನೆ, ಟೊಮೇಟೊ ಕೂಡ ಬಂದವು.

ಅಕ್ಕಪಕ್ಕದ ಫ್ಯಾಕ್ಟರಿಯವರೂ ಬಂದು ನೋಡಿ, ಇದು ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ವಾಚ್‌ಮನ್ ಹೇಳಿದರು: “ಕಂಪ್ಯೂಟರ್ ತರಸ್ರಿ. ಆದ್ರ ಮೊದಲ ಅದಕ್ಕೊಂದು ನಿಂಬಿಹಣ್ಣ ಕಟ್ರಿ.”