ನೀಲಿ ಪೆನ್ನಿನ ಹುಲಿ

ನನಗೆ ಬರುವ ಇಂಗ್ಲಿಷಿನಲ್ಲಿ ಅರ್ಧ ಪದಬಂಧದ ಚೌಕಗಳಿಗೆ ಮಾತ್ರ ಬೇಕಾಗುವಂಥದ್ದು. ಹಾರಲಾರದ ಹಕ್ಕಿ, ಆಫ್ರಿಕಾದ ಜಿಂಕೆ, ಹಳೆಯ ಕಾಲದ ಬಟ್ಟೆಯ ಅಳತೆ, ಎಲ್ಲಕ್ಕೂ ಹೆಸರು ಗೊತ್ತು. ನಲ್ಲಿ ರಿಪೇರಿಯವನ ಕೈಯಲ್ಲಿರುವ ಸಾಮಾನಿಗೆ ಏನೆನ್ನುತ್ತಾರೋ ಗೊತ್ತಿಲ್ಲ. ಎಂ.ಎ. ಮಾಡಿದ್ದೇನೆ ಎಂಬುದನ್ನು ನಂಬಬಹುದು, ಪ್ರಮಾಣಪತ್ರವಿದೆ. ಮಿಕ್ಕದ್ದೆಲ್ಲ ನೆನಪು, ಅದನ್ನು ನಾನೇ ಅಷ್ಟಾಗಿ ನಂಬುವುದಿಲ್ಲ, ಅದಕ್ಕೇ ದಿನಚರಿ ಬರೆಯುತ್ತೇನೆ.

ಹೊಸಪೇಟೆಯಿಂದ ಯಶವಂತನಗರಕ್ಕೆ ಹೋಗುವ ನಮ್ಮ ಕಂಪನಿ ಬಸ್ಸಿನಲ್ಲಿ ಪೇಪರಿನ ಇಂಗ್ಲಿಷ್ ಪದಬಂಧ ಮುಂದಿನ ಸೀಟಿನಿಂದ ಹಿಂದಕ್ಕೆ ಬರುತ್ತದೆ. ಮೊದಲು ಸೇಫ್ಟಿ ಆಫೀಸರ್ ವಿರೂಪಾಕ್ಷಪ್ಪನವರು, ಅಂದರೆ ನನ್ನ ಮೇಲಧಿಕಾರಿ, ನೀಲಿ ಪೆನ್ನಿನಲ್ಲಿ ಒತ್ತಿ ಬರೆಯುತ್ತಾರೆ. ಎಲ್ಲ ಸಾಲು ದಾಟಿ ಉಳಿದ ಚೌಕಗಳು ಕೊನೆಯ ಸೀಟಿನ ನನಗೆ. ಮರುದಿನ ಉತ್ತರ ನೋಡುವುದು ಸಣ್ಣತನವೆಂದು ಸಾಹೇಬರ ಅಭಿಪ್ರಾಯವಾದ್ದರಿಂದ ಯಾರೂ ನೋಡುವುದಿಲ್ಲ.

ಆ ದಿನ ‘ಪಟ್ಟೆಯುಳ್ಳ ಪ್ರಾಣಿ, ಐದು ಅಕ್ಷರ’ ಎಂಬಲ್ಲಿ ಅವರು ಟೈಗರ್ ಬರೆದಿದ್ದರು. ಝೀಬ್ರಾ ಆಗಬೇಕಿತ್ತು. ಅದನ್ನು ಹಾದು ಕೆಳಗಿಳಿಯುವ ಪದಕ್ಕೆ ‘ಬೂದಿಯಲ್ಲಿ ಉಳಿದ ಕೆಂಡ’ ಎಂಬ ಸುಳಿವು. ಉತ್ತರ ಎಂಬರ್. ಆದರೆ ‘ಬಿ’ ಬರಬೇಕಾದ ನಡುವಿನ ಚೌಕದಲ್ಲಿ ಹುಲಿಯ ‘ಜಿ’ ಕೂತುಬಿಟ್ಟಿತ್ತು. ಸಾಹೇಬರ ಶಾಯಿಯನ್ನು ಹೊಡೆದುಹಾಕುವ ಧೈರ್ಯವಿದ್ದಿದ್ದರೆ ನಾನು ಕೊನೆಯ ಸೀಟಿನಲ್ಲಿ ಯಾಕೆ ಇರುತ್ತಿದ್ದೆ? ಕಿಟಕಿಯಾಚೆ ಕೆಂಪು ಧೂಳು ಹೊದ್ದ ಗಿಡಗಳು ತೇಲಿಹೋಗುತ್ತಿದ್ದವು. ಬಸ್ಸು ತೊಟ್ಟಿಲಂತೆ ತೂಗುತ್ತಿತ್ತು. ಕೈ ತಾನಾಗಿ ‘ಎಂಗರ್’ ಎಂದು ಬರೆಯಿತು.

ಪಕ್ಕದ ಸೀಟಿನಿಂದ ಸ್ಟೋರ್ಸಿನ ರೇಣುಕಾ ಬಗ್ಗಿ ನೋಡಿದರು. “ಎಂಗರ್ ಅಂದ್ರ ಏನ್ರಿ ಸರ್?”

“ಬೆಂಕಿ ಆರಿದ ಮ್ಯಾಲೂ ಒಳಗ ಉಳಿತದಲ್ರಿ, ಆ ಕಾವು.”

“ಎಷ್ಟ್ ಚಂದ ಐತ್ರಿ! ನಮ್ಮ ಮನ್ಯಾಗ ಜಗಳ ಮುಗದು ಎರಡ್ ದಿನ ಆತು, ಎಂಗರ್ ಇನ್ನಾ ಐತಿ ನೋಡ್ರಿ.”

ಬಸ್ಸೆಲ್ಲ ನಕ್ಕಿತು. ವಾರದೊಳಗೆ ಪದ ಬಸ್ಸಿನಿಂದಿಳಿದು ಕ್ಯಾಂಟೀನಿಗೆ ಹೋಯಿತು. ಭಾನುವಾರ ಸಂಜೆ ನಾನೂ ಹೆಂಡತಿಯೂ ಹಂಪಿಯಲ್ಲಿ ಬಂಡೆಯೊಂದರ ಮೇಲೆ ಕುಳಿತಿದ್ದೆವು. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು, ಕಲ್ಲು ಮಾತ್ರ ಇನ್ನೂ ಮಧ್ಯಾಹ್ನದಲ್ಲೇ ಇತ್ತು. “ಎಂಗರ್,” ಎಂದೆ, ಕಣ್ಣು ಮುಚ್ಚಿ.

“ಬಿಸಿ ಅನ್ರಿ ಸಾಕು,” ಎಂದಳು ಅವಳು.

ಸೋಮವಾರ ಸಾಹೇಬರು ವೆಲ್ಡಿಂಗ್ ಶೆಡ್ಡಿನ ಮುಂದೆ ಪೇಂಟರನನ್ನು ನಿಲ್ಲಿಸಿಕೊಂಡಿದ್ದರು. ಬಿಸಿ ಕಬ್ಬಿಣ ಮುಟ್ಟಬೇಡಿ ಎಂಬ ಕನ್ನಡ ಸಾಲಿನ ಕೆಳಗೆ ‘ಎಂಗರ್ ಇದೆ, ಎಚ್ಚರ’ ಎಂದು ಇಂಗ್ಲಿಷಿನಲ್ಲಿ ಬರೆಸುವವರಿದ್ದರು. ಮರುದಿನ ಹೊರಗಿನ ತಪಾಸಣೆಯವರು ಬರಲಿದ್ದರು. ಅವರು ಬೋರ್ಡು ಓದಿದರೆ ಸಾಹೇಬರ ಮರ್ಯಾದೆ, ಅದರ ಹಿಂದೆಯೇ ನನ್ನ ಎಂ.ಎ., ಎರಡೂ ಹೋಗುವುದು ಖಂಡಿತ. ಧೈರ್ಯ ಮಾಡಿ ಹೇಳಿಬಿಟ್ಟೆ.

“ಸರ್, ಹಂಗಂತ ಪದಾನೇ ಇಲ್ರಿ. ನಾನೇ ಹುಟ್ಟಿಸಿದ್ದು.”

“ಏ, ಸುಮ್ನಿರ್ರಿ! ನಾ ಟ್ರೇನಿಂಗ್‌ನಾಗ ಓದೀನಿ. ಪುಸ್ತಕದ ಎಡಗಡೆ ಪುಟ, ಕೆಳಗ. ಕಣ್ಣಿಗೆ ಕಟ್ಟಿದಂಗ ಐತಿ. ನೀವ್ ಭಾಳ ಮರೀತೀರಿ ಬಿಡ್ರಿ.”

ಎಡಗಡೆ ಪುಟ ಎಂದ ಕೂಡಲೇ ಆ ಪುಟ ನನಗೂ ಮಂಜಿನೊಳಗಿಂದ ಕಂಡಂತಾಯಿತು. ವಿಶ್ವವಿದ್ಯಾಲಯದ ಗ್ರಂಥಾಲಯ, ಮಧ್ಯಾಹ್ನ, ಫ್ಯಾನಿನ ಸದ್ದು, ಬೆರಳ ಕೆಳಗೆ ಆ ಪದ. ಹುಟ್ಟಿಸಿದೆನೆಂದು ನಾನು ತಿಳಿದದ್ದು ಎಲ್ಲೋ ಓದಿದ್ದೇ ಇರಬಾರದೇಕೆ? ಪೇಂಟರ್ ಬರೆದು ಮುಗಿಸಿದ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಓದಿದೆ. ಒಂದು ಅಕ್ಷರ ತಪ್ಪಾಗಿತ್ತು. ಅಳಿಸಿ ‘ಜಿ’ ಎಂದು ತಿದ್ದಿಸಿದೆ.