ಜೋಳದ ಚೀಲದಿಂದ ತಡೆದ ಚಂಡಮಾರುತ

ಚಂಡಮಾರುತ ಬರುತ್ತದೆಂದು ಟೀವಿಯಲ್ಲಿ ಹೇಳಿದ ದಿನ ಇಡೀ ಹೈದರಾಬಾದಿನಲ್ಲಿ ಖುಷಿಯಾಗಿದ್ದವನು ನಾನೊಬ್ಬನೇ ಇರಬೇಕು. ಅದಕ್ಕೆ ಕಾರಣವಿತ್ತು. ಹಿಂದಿನ ತಿಂಗಳಷ್ಟೇ ನಮ್ಮ ಕಾರ್ಖಾನೆಯವರು ನನ್ನನ್ನು ವಿಪತ್ತು ನಿರ್ವಹಣೆಯ ತರಬೇತಿಗೆ ಕಳಿಸಿದ್ದರು. ಎರಡು ದಿನ ಶ್ರದ್ಧೆಯಿಂದ ಕೂತು ಕೇಳಿದ್ದೆ, ಊಟದ ನಂತರದ ಭಾಗ ಬಿಟ್ಟು. ಕೊನೆಗೆ ಒಂದು ಹಳದಿ ಹೆಲ್ಮೆಟ್ಟು, ಒಂದು ಸೀಟಿ ಕೊಟ್ಟು ಕಳಿಸಿದರು. ಅಂದಿನಿಂದ ನಾನು ವಿಪತ್ತಿನ ದಾರಿ ಕಾಯುತ್ತಿದ್ದೆ.

ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ನನಗೆ ಚಂಡಮಾರುತವೇ ಬಂದಿತ್ತು!

ಹೆಂಡತಿ ಸುಧಾ ಮಗಳ ಬಾಣಂತನಕ್ಕೆಂದು ಸೋಲಾಪುರಕ್ಕೆ ಹೋಗಿದ್ದಳು. ಮೆಹದಿಪಟ್ಟಣದ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿ ಉಳಿದವರು ನಾನು, ಎಂಬತ್ತು ದಾಟಿದ ಅಪ್ಪ, ಎಂಬತ್ತರ ಹತ್ತಿರದ ಅವ್ವ. ಅಪ್ಪ ಹುಮನಾಬಾದಿನ ಕಡೆಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಈಗ ಮೊಣಕಾಲು ಕೈಕೊಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಗಲ್ಲಿಯ ಶಿಸ್ತು ನೋಡಿಕೊಳ್ಳುತ್ತಾನೆ. ಅವ್ವನ ಸಂಗತಿ ಬೇರೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿಯಲ್ಲಿ ಹಿಡಿದ ನೀರಿನಿಂದ ಲಿಂಗಪೂಜೆ ಮುಗಿಸುವವರೆಗೆ ಬಾಯಿಗೆ ಹನಿ ನೀರು ಹಾಕುವವಳಲ್ಲ. ಹೋದ ಬೇಸಿಗೆಯಲ್ಲಿ ನಲ್ಲಿ ಬಾರದೆ, ಪೂಜೆ ತಡವಾಗಿ, ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದಳು. ಬೆಳಗಿನ ನೀರು, ಗುಳಿಗೆ ಎರಡೂ ತಪ್ಪಬಾರದು, ಇನ್ನೊಮ್ಮೆ ಬಿದ್ದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು.

ಸುಧಾ ಫೋನು ಮಾಡಿದಳು. "ನೀವು ಏನೂ ಮಾಡಾಕ ಹೋಗಬ್ಯಾಡ್ರಿ. ಅತ್ತಿ ಹೇಳಿದಂಗ ಕೇಳಿಕೊಂಡು ಸುಮ್ಮನ ಕೂಡ್ರಿ."

"ನಾ ತರಬೇತಿ ಆದಾಂವ ಅದೀನಿ," ಎಂದೆ.

"ಅದಕ್ಕ ಹೇಳಾಕತ್ತೀನಿ," ಎಂದು ಫೋನಿಟ್ಟಳು.

ಸಂಜೆ ಬಸ್ಸಿಳಿದು ಬಂದವನೇ, ಪ್ಯಾಂಟು ಕೂಡ ಬದಲಿಸದೆ ಕಾರ್ಯಾಚರಣೆಗೆ ಇಳಿದೆ. ವಿಪತ್ತಿನಲ್ಲಿ ಮೊದಲು ಬೇಕಾದದ್ದು ನೀರು. ಅಪ್ಪ ಅವ್ವ ಸ್ವಲ್ಪ ಹೊತ್ತು ಅಡ್ಡಾಗಿ ಏಳುವಷ್ಟರಲ್ಲಿ ಮನೆಯಲ್ಲಿದ್ದ ಕೊಡ, ಬಕೀಟು, ಪಾತೇಲಿ, ಕುಕ್ಕರು, ಒಗ್ಗರಣೆಯ ಸೌಟನ್ನೂ ಬಿಡದೆ ತುಂಬಿಸಿದ್ದೆ. ಮಾಳಿಗೆಯ ಮೇಲಿನ ಟಾಂಕಿ ಖಾಲಿಯಾಗಿ ನಲ್ಲಿ ಬುಸ್ ಎಂದಾಗಲೇ ನಿಲ್ಲಿಸಿದ್ದು.

ಎರಡನೆಯದು, ನೀರು ಒಳಗೆ ಬಾರದಂತೆ ಬಾಗಿಲಿಗೆ ಮರಳಿನ ಚೀಲ ಇಡಬೇಕು. ಮರಳು ಸಿಗಲಿಲ್ಲ. ಊರಿನಿಂದ ಬಂದ ಬಿಳಿಜೋಳದ ಚೀಲ ಸಿಕ್ಕಿತು! ಎಳೆದು ತಂದು ಹೊಸ್ತಿಲಿಗೆ ಅಡ್ಡ ಮಲಗಿಸಿದೆ. ಭಾರವೂ ಅಷ್ಟೇ, ಆಕಾರವೂ ಅಷ್ಟೇ. ನನ್ನ ಸಮಯಸ್ಫೂರ್ತಿಗೆ ನಾನೇ ತಲೆದೂಗಿದೆ.

ಮೂರನೆಯದು ಸೀಟಿ. ಅದನ್ನು ಅಪ್ಪನ ಕೊರಳಿಗೆ ಹಾಕಿ ಗಂಭೀರವಾಗಿ ಹೇಳಿದೆ, "ಅಪ್ಪಾ, ಏನರ ಅಪಾಯ ಆದ್ರ ಇದನ್ನ ಊದು. ನಾ ಎಲ್ಲೇ ಇರಲಿ, ಓಡಿ ಬರ್ತೀನಿ."

ಮೂವತ್ತು ವರ್ಷ ಸೀಟಿ ಊದಿದ ಮನುಷ್ಯ ಅದನ್ನು ತಿರುಗಿಸಿ ನೋಡಿ, "ಪ್ಲಾಸ್ಟಿಕ್ಕು," ಎಂದ.

ರಾತ್ರಿಯೇ ಕರೆಂಟು ಹೋಯಿತು. ಬೆಳಿಗ್ಗೆ ನೋಡಿದರೆ ಗಲ್ಲಿಯಲ್ಲಿ ಮೊಣಕಾಲುದ್ದ ನೀರು, ಮೇಲಿಂದ ಧೋ ಎಂದು ಮಳೆ. ಫೋನುಗಳು ಸತ್ತಿದ್ದವು. ಜೋಳದ ಚೀಲ ತನ್ನ ಕರ್ತವ್ಯ ಅರ್ಧ ನಿಭಾಯಿಸಿತ್ತು. ನೀರನ್ನು ತಡೆದಿರಲಿಲ್ಲ, ಕುಡಿದಿತ್ತು. ಹೊಟ್ಟೆ ಉಬ್ಬಿ ಹೊಲಿಗೆ ಬಿಚ್ಚಿಕೊಂಡು ಮಲಗಿತ್ತು.

ಅವ್ವ ನನ್ನ ಬಕೀಟಿನ ನೀರಿನಲ್ಲೇ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು, ಪೂಜೆಯ ತಾಮ್ರದ ತಂಬಿಗೆಗೆ ಕೈಹಾಕಿ ನಿಂತಳು. ಅದು ತುಂಬಿತ್ತು.

"ಯಪ್ಪಾ, ಇದನ್ನ ಯಾರು ತುಂಬಿಸ್ಯಾರ?"

"ನಾನ."

"ಜಳಕ ಮಾಡಿದ್ದಿ?"

ಬಸ್ಸಿನಿಂದಿಳಿದ ಪ್ಯಾಂಟು ನೆನಪಾಯಿತು. ಅವ್ವ ನಲ್ಲಿ ತಿರುವಿದಳು. ನಲ್ಲಿಯಲ್ಲಿ ನೀರಿಲ್ಲ, ಮೋಟರಿಗೆ ಕರೆಂಟಿಲ್ಲ. ಮನೆ ತುಂಬ ನೀರು, ಪೂಜೆಗೆ ಹನಿ ನೀರಿಲ್ಲ. ಪೂಜೆ ಇಲ್ಲವೆಂದರೆ ಕುಡಿಯಲು ನೀರಿಲ್ಲ, ಗುಳಿಗೆ ಇಲ್ಲ. ಅವ್ವ ಗೋಡೆ ಹಿಡಿದು ನಿಂತಿದ್ದಳು. ಹೋದ ಬೇಸಿಗೆಯಲ್ಲೂ ಹೀಗೆಯೇ ಗೋಡೆ ಹಿಡಿದು ನಿಂತು ಆಮೇಲೆ ಬಿದ್ದಿದ್ದಳು.

ಗಲ್ಲಿಯ ತುದಿಯಲ್ಲಿ ಕೈಪಂಪಿದೆ. ನಾನೇ ಮಡಿಯಲ್ಲಿ ಹೋಗಿ ನೀರು ತರುತ್ತೇನೆಂದು ಘೋಷಿಸಿದೆ. ಅವ್ವ ಏನೋ ಹೇಳಲು ಬಾಯಿ ತೆರೆದಳು. ವಿಪತ್ತಿನ ವೇಳೆ ಚರ್ಚೆಗೆ ಅವಕಾಶ ಕೊಡಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಕೊಡಲಿಲ್ಲ. ಸ್ನಾನ ಮಾಡಿ, ಒದ್ದೆ ಧೋತರ ಉಟ್ಟು, ತಲೆಗೆ ಹಳದಿ ಹೆಲ್ಮೆಟ್ಟು ಏರಿಸಿ, ಕೊಡ ಹೊತ್ತು ಹೊರಟೆ. ಅಂಥ ಮಳೆಯಲ್ಲಿ ಧೋತರವನ್ನು ಮೊದಲೇ ಒದ್ದೆ ಮಾಡಿಕೊಂಡು ಹೋದವನು ನಾನೊಬ್ಬನೇ.

ಪಂಪು ಇನ್ನೇನು ಸಿಕ್ಕಿತು ಎನ್ನುವಾಗ ಕಾಲ ಕೆಳಗಿನ ರಸ್ತೆ ಮುಗಿದು ಗಟಾರು ಶುರುವಾಯಿತು. ಸೊಂಟದವರೆಗೆ ಇಳಿದೆ. ಕೊಡ ತೇಲಿ ಹೋಯಿತು. ಅದರ ಹಿಂದೆ ಹೆಲ್ಮೆಟ್ಟೂ ಹೋಯಿತು. ಕಾಲು ಕೆಸರಿನಲ್ಲಿ ಕಚ್ಚಿಕೊಂಡು, ಎಳೆದಷ್ಟೂ ಒಳಗೇ ಹೋಗುತ್ತಿತ್ತು. ಕೂಗಿದೆ. ಮಳೆಯ ಸದ್ದಿಗೆ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಆಗ ಕೇಳಿಸಿತು ಸೀಟಿ. ಡ್ರಿಲ್ಲಿನ ಸೀಟಿ, ಸಾವಿರ ಹುಡುಗರನ್ನು ಮೈದಾನದ ಮೂಲೆಯಿಂದ ಎಳೆದು ತಂದ ಸೀಟಿ. ಕಿಟಕಿಯಲ್ಲಿ ಅಪ್ಪ, ಹಾಳಾದ ಮೊಣಕಾಲಿನ ಮೇಲೆ ಎದ್ದು ನಿಂತು, ಸರಳು ಹಿಡಿದು ಊದುತ್ತಿದ್ದ. ಒಂದೊಂದೇ ಬಾಗಿಲು ತೆರೆದವು. ಎದುರುಮನೆಯ ಟೇಲರ್ ಖಾನ್ ಸಾಹೇಬರು ಲುಂಗಿ ಮೇಲೆ ಕಟ್ಟಿ ಓಡಿ ಬಂದು, ಕೈ ಚಾಚಿದವರು ಗಕ್ಕನೆ ನಿಂತುಬಿಟ್ಟರು. ಅವ್ವನನ್ನು ಬಹಳ ದಿನದಿಂದ ನೋಡಿದ ಸಭ್ಯರು.

"ಸಾಬ್, ಆಪ್ ಮಡಿ ಮೇ ಹೈ ಕ್ಯಾ? ಹಾತ್ ಲಗಾವುಂ ಕಿ ನಕ್ಕೊ?"

ಗಟಾರಿನಲ್ಲಿ ಸೊಂಟದವರೆಗೆ ಮುಳುಗಿದವನನ್ನು ಮುಟ್ಟಬಹುದೋ ಬೇಡವೋ ಎಂದು ವಿನಯದಿಂದ ಕೇಳುತ್ತಿದ್ದರು.

"ಪೆಹಲೆ ಖೀಂಚೋ ಭಾಯಿ, ಬಾದ್ ಮೇ ಪೂಛೋ," ಎಂದೆ.

ಕೇಳುವುದು ಬಿಟ್ಟು ಮೊದಲು ಎಳೆದರು. ಧೋತರದ ಅರ್ಧ ಭಾಗ ಗಟಾರಿನಲ್ಲೇ ಉಳಿಯಿತು. ಸಾಹೇಬರು ತಮ್ಮ ಟವೆಲ್ಲು ಸುತ್ತಿ ನನ್ನನ್ನು ಮನೆಗೆ ಒಪ್ಪಿಸಿದರು.

ಒಳಗೆ ಕಾಲಿಟ್ಟರೆ ಊದುಬತ್ತಿಯ ವಾಸನೆ. ಅವ್ವ ಪೂಜೆ ಮುಗಿಸಿ, ನೀರು ಕುಡಿದು, ಗುಳಿಗೆ ನುಂಗಿ, ತಣ್ಣಗೆ ಕೂತಿದ್ದಳು.

"ನೀರು ಎಲ್ಲಿದು ಅವ್ವಾ?"

ಅವ್ವ ಅಂಗಳದ ಕಟ್ಟೆಯ ಕಡೆ ಕೈ ತೋರಿಸಿದಳು. ನನ್ನ ನೀರು ಚೆಲ್ಲಿ, ಮಳೆಯಲ್ಲೇ ತೊಳೆದ ತಾಮ್ರದ ತಂಬಿಗೆ ಅಲ್ಲಿತ್ತು, ಬಾಯಿತನಕ ತುಂಬಿ ಹೊರಗೆ ಚೆಲ್ಲುತ್ತಿತ್ತು.

"ಮ್ಯಾಲಿಂದ ಬಂದದ್ದನ್ನ ಯಾರು ಮುಟ್ಟ್ಯಾರ? ಅದನ್ನ ಹೇಳಬೇಕಂತ ಬಾಯಿ ತಗದಿದ್ದೆ. ನೀ ಟೊಪಗಿ ಹಾಕ್ಕೊಂಡು ಹೊಂಟ ಬಿಟ್ಟಿ."

ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಅವಳ ಮುಖದಲ್ಲಿ ಕಳೆ ಬಂದಿದ್ದು ನೋಡಿ ನನಗೆ ಅಳುವೇ ಬಂತು. ಮಳೆ ನೀರು ಮುಖದ ಮೇಲೆ ಇದ್ದದ್ದರಿಂದ ಮರ್ಯಾದೆ ಉಳಿಯಿತು. ಇವರ ಹೊಟ್ಟೆಯಲ್ಲಿ ಹುಟ್ಟಿ ನಾನು ಹೇಗೆ ಹೀಗಾದೆ ಎಂದು ಇವತ್ತಿಗೂ ಅರ್ಥವಾಗಿಲ್ಲ.

ಆಮೇಲೆ ಅವ್ವ ನನ್ನನ್ನು ಕಂಬಳಿಯಲ್ಲಿ ಸುತ್ತಿ ಮೂಲೆಗೆ ಕೂಡಿಸಿ, ಕುಕ್ಕರಿನ ನೀರು ಚೆಲ್ಲಿ, ನೆನೆದ ಜೋಳವನ್ನು ನನ್ನ ಬಕೀಟುಗಳ ನೀರಿನಲ್ಲಿ ನಾಲ್ಕು ಸಲ ತೊಳೆದು, ಸೀಮೆಎಣ್ಣೆ ಸ್ಟೋವಿನ ಮೇಲೆ ಬೇಯಿಸಿ ಗುಗ್ಗರಿ ಮಾಡಿದಳು. ಚೀಲ ದೊಡ್ಡದಿತ್ತು. ಖಾನ್ ಸಾಹೇಬರ ಮನೆಗೂ ಹೋಯಿತು, ಗಲ್ಲಿಗೆಲ್ಲ ಹೋಯಿತು. ಯಾರ ಮನೆಯಲ್ಲೂ ಒಲೆ ಹತ್ತದ ದಿನ ಎಲ್ಲರೂ ಉಂಡರು. ಅಪ್ಪ ಕಿಟಕಿಯಿಂದಲೇ ಸೀಟಿ ಊದಿ ಸರತಿ ನಿಲ್ಲಿಸಿದ.

ಸಂಜೆ ಫೋನಿಗೆ ಜೀವ ಬಂತು. ಸುಧಾ ಹೆದರಿಕೊಂಡು ಮಾತಾಡುತ್ತಿದ್ದಳು. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ಅವನಾ? ಆರಾಮ ಅದಾನವ್ವ. ಭಾಳ ತ್ರಾಸ ಕೊಡಲಿಲ್ಲ. ಒಮ್ಮೆ ಅಷ್ಟ ಗಟಾರಕ್ಕ ಬಿದ್ದಿದ್ದ."

ಕುರ್ಚಿಯಿಂದ ಅಪ್ಪ ಕೂಗಿ ಸೇರಿಸಿದ. "ಮುಂದಿನ ಮಳಿ ಬರೂದರೊಳಗರ ಬಾ ಅನ್ನು. ನಮಗೂ ವಯಸ್ಸಾತು. ಇವನ್ನ ನಾವಿಬ್ಬರ ಎಷ್ಟಂತ ನೋಡಿಕೊಳ್ಳೋದು?"

ವಿಪತ್ತು ನಿರ್ವಹಣಾ ತಜ್ಞನಾದ ನಾನು ಕಂಬಳಿಯೊಳಗಿಂದ ಸೀನಿದೆ.