ಕಂದು ಹಾಕಿದ ಕುರಿ, ಸಂಜೆ ಬರುವ ಜ್ವರ

ಕುರಿಯ ರೋಗ ಮನುಷ್ಯನಿಗೂ ಅಂಟುತ್ತದೆ ಎಂದು ಗೊತ್ತಿದ್ದವರು ನಮಗೆ ಹೇಳಲಿಲ್ಲ. ತಪ್ಪು ಅವರದು. ತಾವರೆಕೆರೆ ಕಡೆ ಕುರಿ ಸಾಕುವ ನಮ್ಮಂಥವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಗುವುದಾದರೆ ನಗಿ.

೧
ನನ್ನ ಕುರಿ ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಕಂದಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ. ದನದ ಡಾಕ್ಟರು ಬಂದು ಮೊಣಕೈವರೆಗೆ ಗ್ಲೌಸ್ ಏರಿಸಿಕೊಂಡು, ನನಗೆ "ಗಟ್ಟಿಯಾಗಿ ಹಿಡಿ" ಅಂದರು.

"ನನಗೂ ಒಂದು ಜೊತೆ ಕೊಡಿ ಸಾರ್."

"ನಿನಗ್ಯಾಕಯ್ಯಾ? ನಿನ್ನದೇ ಕುರಿ ತಾನೆ!"

೨
ತಿಂಗಳೊಳಗೆ ನನಗೆ ಜ್ವರ ಹತ್ತಿತು. ಸಂಜೆಯಾದರೆ ಮೈ ಸುಡುತ್ತಿತ್ತು, ಬೆಳಗಾದರೆ ಏನೂ ಇಲ್ಲ. ಪೇಟೆಯ ಕ್ಲಿನಿಕ್ಕಿನ ಡಾಕ್ಟರು ಕೈ ಮುಟ್ಟಿ ನೋಡಿ, "ಜ್ವರವೇ ಇಲ್ಲವಲ್ರೀ" ಅಂದರು.

"ಸಂಜೆ ಬರ್ತದೆ ಸಾರ್."

"ಹಾಗಾದ್ರೆ ಸಂಜೆ ಬನ್ನಿ."

ಸಂಜೆ ಹೋದೆ. ಜ್ವರ ಬಂದಿತ್ತು, ಡಾಕ್ಟರು ಹೋಗಿದ್ದರು.

೩
ಪಕ್ಕದ ಮನೆ ಅಕ್ಕ, "ಹೊತ್ತಾರೆ ಚೆನ್ನಾಗಿರ್ತೀಯ, ಬೈಗಾದ್ರೆ ಮಲಕ್ಕಂತೀಯ. ಇದು ಜ್ವರ ಅಲ್ಲ ಕಣ್ಲಾ, ಸೋಂಬೇರಿತನ" ಅಂದಳು.

ಕೊನೆಗೆ ತುಮಕೂರಿನಲ್ಲಿ ಒಬ್ಬ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. "ಇದು ಬ್ರುಸೆಲ್ಲೋಸಿಸ್. ಕಂದು ಹಾಕಿದ ಕುರೀನ ಬರಿಗೈಲಿ ಮುಟ್ಟಿದ್ರೆ ಅಂಟುತ್ತೆ. ಹಿಂದೆ ಏರಿಳಿಯುವ ಜ್ವರ ಅಂತಿದ್ರು. ಮಾಲ್ಟಾ ಜ್ವರ ಅಂತಲೂ ಅಂತಿದ್ರು, ಅದೊಂದು ದ್ವೀಪದ ಹೆಸರು" ಅಂದರು.

ಊರಿಗೆ ಬಂದು ಅಷ್ಟನ್ನೂ ಒಪ್ಪಿಸಿದೆ. ಅಕ್ಕ ಗಲ್ಲಕ್ಕೆ ಕೈ ಹಚ್ಚಿದಳು.

"ತುಮಕೂರು ದಾಟದೋನು ನೀನು, ಆ ದ್ವೀಪಕ್ಕೆ ಯಾವಾಗ್ಲಾ ಹೋಗಿದ್ದೆ?"

೪
ಹೆಸರು ಗೊತ್ತಾದ ಮೇಲೆ ನನ್ನ ಜಗಲಿಗೆ ಯಾರೂ ಬರಲಿಲ್ಲ. ಆರು ವಾರದ ಮಾತ್ರೆ. ಅಭ್ಯಾಸಬಲದಿಂದ ಎರಡು ಲೋಟ ಟೀ ಕಾಯಿಸಿ ಎರಡನ್ನೂ ನಾನೇ ಕುಡಿಯುತ್ತಿದ್ದೆ. ಯಾರ ಜೊತೆಗೂ ಮಾತಿಲ್ಲದೆ, ಕುರಿಗಳನ್ನು ಬೈಯುವಾಗಷ್ಟೇ ನನ್ನ ದನಿ ನನಗೆ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ತೆಗೆದರೆ ಅಕ್ಕ! ಖುಷಿಗೆ ಚಾಪೆ ಹಾಸಿದೆ.

"ಕುಂತ್ಕಳಕ್ಕೆ ಬಂದಿಲ್ಲ ಕಣ್ಲಾ. ನಮ್ಮ ಕುರೀನೂ ಕಂದು ಹಾಕೈತೆ, ಮಾಸು ಬಿದ್ದಿಲ್ಲ. ನಿಂಗೆ ಹೆಂಗೂ ರೋಗ ಬಂದೈತಲ್ಲ, ನೀನೇ ಬಂದು ಕೈ ಹಾಕ್ಬುಡು!"

ಗ್ಲೌಸ್ ಕೊಂಡು ಹೋದೆ. ನಾನೂ ಬರಿಗೈ ಹಾಕಲಿಲ್ಲ, ಅವಳಿಗೂ ಹಾಕಲು ಬಿಡಲಿಲ್ಲ.

ನಿಮ್ಮ ಬೀದಿಯಲ್ಲೂ ಸಂಜೆ ಜ್ವರದ ಕುರಿಯವನೊಬ್ಬ ಇರಬಹುದು. ಪಕ್ಕ ಕೂತರೆ ಅಂಟುವ ರೋಗವಲ್ಲ ಇದು. ಇವತ್ತೇ ಅವನ ಮನೆಗೆ ಹೋಗಿ. ಕೂತು ಮಾತಾಡಿ. ಎಬ್ಬಿಸಿಕೊಂಡು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ.